ಪಥ್ಯದ ಪುಡಿ

ವಾರ್ತೆ ಓದುವವನ ದನಿಗೆ ಊರೆಲ್ಲ ಮರುಳಾಗಿತ್ತು. ಅವನ ಹೊಟ್ಟೆ ಮಾತ್ರ ಆ ದನಿಯೊಂದಿಗೆ ಪೈಪೋಟಿಗೆ ನಿಂತಿತ್ತು. ಬೆಳಗ್ಗೆ ಬರೀ ಟೀ, ಮಧ್ಯಾಹ್ನ ನಿಂತಲ್ಲೇ ಬಿಸ್ಕತ್ತು, ಸಂಜೆ ಬಾನುಲಿ ನಿಲಯದ ಕ್ಯಾಂಟೀನಿನಲ್ಲಿ ಎಣ್ಣೆ ಸೋರುವ ಕರಿದ ತಿಂಡಿ. ಅದನ್ನೂ ಅಗಿಯದೆ ಗುಳುಂ ಮಾಡುತ್ತಿದ್ದ. ಬೆಳಗ್ಗೆ ಕಕ್ಕಸಿಗೆ ಹೋಗಿ ಕೂತನೆಂದರೆ ಪತ್ರಿಕೆ ಕೊನೆಯ ಪುಟಕ್ಕೆ ಬಂದರೂ ಕೆಲಸ ಮುಗಿಯುತ್ತಿರಲಿಲ್ಲ.

"ರೀ, ಸಂಪಾದಕೀಯ ಆಯ್ತಾ? ನನಗೂ ಆಫೀಸಿದೆ!" ಎಂದು ಹೆಂಡತಿ ಬಾಗಿಲು ಬಡಿಯುತ್ತಿದ್ದಳು.

ಹೊತ್ತಿಗೆ ಸರಿಯಾಗಿ ಉಂಡರೆ ಸಾಕೆಂದು ವೈದ್ಯರೂ ಹೇಳಿದ್ದರು, ಅವಳೂ ಹೇಳಿದ್ದಳು. ಅಷ್ಟು ಸುಲಭದ ಮಾತನ್ನು ಅವನು ನಂಬುವ ಪೈಕಿಯಲ್ಲ. ಕಂಡಕಂಡ ಪುಡಿ, ಗುಳಿಗೆ ತಂದು ಮೇಜಿನ ಖಾನೆ ತುಂಬಿಸಿದ್ದ.

ಒಂದು ಮಧ್ಯಾಹ್ನ ಹಿರಿಯ ನಾಯಕರೊಬ್ಬರ ನಿಧನದ ವಾರ್ತೆ ಓದಿ, ಗಂಭೀರವಾಗಿ ಒಂದು ಕ್ಷಣ ಸುಮ್ಮನಾದ. ಆ ಮೌನದಲ್ಲಿ ಹೊಟ್ಟೆ "ಗುರ್ರ್... ಗುಳುಗುಳು" ಎಂದು ತನ್ನ ಸಂತಾಪವನ್ನೂ ಸೂಚಿಸಿಬಿಟ್ಟಿತು. ಗಾಜಿನಾಚೆ ಕೂತಿದ್ದ ತಂತ್ರಜ್ಞೆ ಮೇಜಿನ ಕೆಳಗೆ ತಲೆ ತೂರಿಸಿ ನಕ್ಕಳು. ಸ್ಟುಡಿಯೋದಲ್ಲಿ ನಾಯಿ ಸಾಕಿದ್ದೀರಾ ಎಂದು ಕೇಳುಗರೊಬ್ಬರು ಫೋನ್ ಮಾಡಿದರು.

"ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಹವಾಮಾನಕ್ಕೆ ಹಾಕ್ತೀನಿ. ಅಲ್ಲಾದ್ರೆ ಗುಡುಗು ನಡೆಯುತ್ತೆ," ಎಂದರು ನಿಲಯದ ಮುಖ್ಯಸ್ಥೆ.

ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದ. ಮಗಳನ್ನು ನೋಡಲೆಂದು ಬಂದ ಅತ್ತೆ ಅಲ್ಲೇ ಉಳಿದುಕೊಂಡಿದ್ದರು. ಒಂದು ಕಾಲಕ್ಕೆ ನಾಟಕದಲ್ಲಿ ಬಣ್ಣ ಹಚ್ಚಿದವರು. ಕಣ್ಣು ಮಿಟುಕಿಸದೆ ಸುಳ್ಳು ಹೇಳಬಲ್ಲವರು. ಕಥೆಯೆಲ್ಲ ಕೇಳಿ, ಮರುದಿನ ಪುಟ್ಟ ಡಬ್ಬಿಯೊಂದನ್ನು ಅವನ ಕೈಗಿಟ್ಟರು.

"ಅಳಿಯಂದಿರೇ, ಇದು ಎಲ್ಲರಿಗೂ ಸಿಗೋ ಪುಡಿ ಅಲ್ಲ. ಆದ್ರೆ ಪಥ್ಯ ತಪ್ಪಿದ್ರೆ ಕೆಲಸ ಮಾಡಲ್ಲ."

"ಎಂಥ ಪಥ್ಯ ಅತ್ತೆ?"

"ಮೂರು ಹೊತ್ತೂ ಕೂತು ಉಣ್ಬೇಕು. ಸೊಪ್ಪು, ಕಾಳು, ಹಣ್ಣು ಇರ್ಲೇಬೇಕು. ತುತ್ತು ನುಣ್ಣಗಾಗೋ ತನಕ ಅಗೀಬೇಕು. ನೀರು ಚೆನ್ನಾಗಿ ಕುಡೀಬೇಕು. ಉಂಡ ಮೇಲೆ ಸ್ವಲ್ಪ ಅಡ್ಡಾಡಿ, ಆಮೇಲೆ ಚಿಟಿಕೆ ಪುಡಿ."

ಪಥ್ಯ ಕಠಿಣವಾದಷ್ಟೂ ಅವನ ಭಕ್ತಿ ಹೆಚ್ಚಿತು. ಶ್ರದ್ಧೆಯಿಂದ ಅಗಿದ. ಕೆಲವು ವಾರಗಳಲ್ಲಿ ಹೊಟ್ಟೆಯುಬ್ಬರ ಇಳಿಯಿತು, ನಿದ್ದೆ ಹತ್ತಿತು, ಸಿಡುಕು ತಗ್ಗಿತು. ಮುಖಪುಟ ಓದುವುದರೊಳಗೆ ಹೊರಗೆ ಬಂದವನನ್ನು ಕಂಡು ಹೆಂಡತಿಯೇ ಕಕ್ಕಾಬಿಕ್ಕಿಯಾದಳು.

"ಪುಡಿ ಅಂದ್ರೆ ಪುಡಿ!" ಎಂದು ಹೋದಲ್ಲೆಲ್ಲ ಹೊಗಳಿದ. ಮುಖ್ಯಸ್ಥೆಯೂ ತಮಗೊಂದು ಡಬ್ಬಿ ಬೇಕೆಂದರು. ಅದನ್ನು ಹೇಳಲು ಅವನು ರಜೆಯ ದಿನ ಅಡುಗೆಮನೆಗೆ ಹೋದರೆ, ಅತ್ತೆ ಬಾಣಲೆಯಲ್ಲಿ ಗೋಧಿ ಹಿಟ್ಟು ಹುರಿಯುತ್ತಿದ್ದರು. ಪಕ್ಕದಲ್ಲೇ ಅವನ ಡಬ್ಬಿ ಬಾಯಿ ತೆರೆದು ಕೂತಿತ್ತು.

"ಅತ್ತೇ! ಇದು ಬರೀ ಹಿಟ್ಟಾ?"

"ಬರೀ ಹಿಟ್ಟಲ್ಲ, ಚೂರು ಉಪ್ಪೂ ಇದೆ."

"ಹಾಗಾದ್ರೆ ನನ್ನ ಹೊಟ್ಟೆ ಸರಿಹೋಗಿದ್ದು?"

"ಊಟ ಮಾಡಿದ್ದಕ್ಕೆ. ಹಾಗಂತ ಹೇಳಿದ್ರೆ ನೀವೆಲ್ಲಿ ಕೇಳ್ತಿದ್ರಿ?"

ಹಿಂದೆ ನಿಂತಿದ್ದ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಅವನಿಗೆ ಮೈಯೆಲ್ಲ ಉರಿಯಿತು. "ನನಗಿವತ್ತು ಊಟಾನೇ ಬೇಡ!" ಎಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡ.

ಸಿಟ್ಟೇನೋ ಅಲ್ಲೇ ಇತ್ತು. ಹಸಿವು ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಕೂತಿತು. ಒಗ್ಗರಣೆಯ ಘಮ ಬಾಗಿಲ ಸಂದಿಯಿಂದ ಒಳಗೆ ನುಸುಳಿತು. ಸ್ವಲ್ಪ ಹೊತ್ತು ಬಿಗುಮಾನದಿಂದ ಕೂತ. ಆಮೇಲೆ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ತಟ್ಟೆಯ ಮುಂದೆ ಕೂತ.

"ಸೊಪ್ಪು ಸ್ವಲ್ಪ ಜಾಸ್ತಿ ಹಾಕಿ," ಎಂದ.