ಬೆಳ್ಳಿ ನೀರಿಗೊಂದು ಜಾಡಿ

ಮಂಡಿನೋವಿಗೆ ಕುಡಿಯಲೆಂದು ಬ್ಯಾಟರಿ ಮಾವ ಹೂಡಿದ ಬೆಳ್ಳಿ ನೀರೇನೋ ತಯಾರಾಗಿತ್ತು, ಅದನ್ನು ತುಂಬಿಡುವ ಪಾತ್ರೆಯದೇ ತಕರಾರು. ಲಾರಿ ಬ್ಯಾಟರಿಗಳಿಗೆ ಚಾರ್ಜ್ ಹಾಕುತ್ತಲೇ ತಲೆ ನರೆತ ಮನುಷ್ಯ, ಬೀದಿಗೆಲ್ಲ ಮಾವ, ಅವರ ಹೆಂಡತಿ ಬೀದಿಗೆಲ್ಲ ಅತ್ತೆ. ಈ ನೀರನ್ನು ಕಂದು ಗಾಜಿನಲ್ಲೇ ಇಡಬೇಕು, ಬೆಳಕು ಬಿದ್ದರೆ ಕೆಡುತ್ತದೆ, ಪ್ಲಾಸ್ಟಿಕ್ ಅಂತೂ ಕೂಡದೇ ಕೂಡದು ಎಂದು ಎಲ್ಲೋ ಓದಿಕೊಂಡು ಬಂದಿದ್ದರು. ಮನೆಯಲ್ಲಿ ಕಂದು ಗಾಜಿನ ಜಾಡಿ ಇದ್ದದ್ದು ಒಂದೇ. ಅದು ಅತ್ತೆಯ ಹೊಲಿಗೆ ಯಂತ್ರದ ಪಕ್ಕ ಕತ್ತಿನವರೆಗೆ ಗುಂಡಿ ತುಂಬಿಕೊಂಡು ಕೂತಿತ್ತು.

"ಗುಂಡಿಗಳನ್ನ ಪ್ಲಾಸ್ಟಿಕ್ ಡಬ್ಬಿಗೆ ಹಾಕ್ಕೊಳ್ಳೇ. ಗುಂಡಿ ಏನು ಹಳಸಿಹೋಗುತ್ತಾ?"

"ನಿಮ್ಮ ನೀರನ್ನೇ ಪ್ಲಾಸ್ಟಿಕ್ಕಿಗೆ ಹಾಕ್ಕೊಳ್ಳಿ. ಅದೇನು ಅಮೃತಾನಾ?" ಅತ್ತೆ ಹೊಲಿಯುತ್ತಿದ್ದ ಕಾಲರಿನಿಂದ ಕಣ್ಣೆತ್ತಲಿಲ್ಲ. "ಜಾಡಿ ಮುಟ್ಟಿದ್ರೆ ನೋಡಿ ಮತ್ತೆ!"

ನರ್ಸ್ ಆಗಿದ್ದ ಮಗಳು ಫೋನಿನಲ್ಲೇ ಗದರಿದ್ದಳು. "ಅಪ್ಪಾ, ಅದು ನಿಮ್ಮ ಮಂಡಿನೋವಿಗೂ ಮದ್ದಲ್ಲ, ಇನ್ಯಾವುದಕ್ಕೂ ಅಲ್ಲ. ಕುಡೀತಾ ಹೋದ್ರೆ ಮೈ ನೀಲಿಗೆ ತಿರುಗುತ್ತೆ, ಆಮೇಲೆ ಎಷ್ಟು ಉಜ್ಜಿದ್ರೂ ಹೋಗಲ್ಲ."

"ಅದೆಲ್ಲ ಪ್ಲಾಸ್ಟಿಕ್‌ನಲ್ಲಿ ಇಟ್ಟೋರಿಗೆ," ಎಂದುಬಿಟ್ಟರು ಮಾವ. ಸದ್ಯಕ್ಕೆ ನೀರು ಒಂದು ಖಾಲಿ ಬಾಟಲಿಯಲ್ಲಿ ಟವೆಲ್ ಸುತ್ತಿಕೊಂಡು ಮಂಚದ ಕೆಳಗಿತ್ತು. ಅದೂ ಪ್ಲಾಸ್ಟಿಕ್ಕೇ. ಹಾಗಾಗಿ ಜಾಡಿ ಸಿಗುವವರೆಗೆ ಒಂದು ಹನಿಯನ್ನೂ ಬಾಯಿಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದರು. ನೀರು ತಿಳಿಹಸಿರಾಗಿತ್ತು. ಸತ್ವ ಚೆನ್ನಾಗಿ ಇಳಿದಿದೆ ಎಂದು ಮಾವ ಹಿಗ್ಗಿದ್ದರು.

ಹಿಗ್ಗಿದ್ದೆಲ್ಲ ಚಮಚ ನೋಡುವವರೆಗೆ. ಬೆಳ್ಳಿ ನೀರಿಗೆ ಬೆಳ್ಳಿ ಬೇಕಲ್ಲ! ಅತ್ತೆಯ ತಾಯಿ ಬಿಟ್ಟುಹೋದದ್ದು ಒಂದೇ ಒಂದು ಬೆಳ್ಳಿ ಚಮಚ. ಅತ್ತೆ ಮೊದಲ ತುತ್ತು ಉಂಡದ್ದು ಅದರಲ್ಲಿ, ಮಗಳು ಉಂಡದ್ದೂ ಅದರಲ್ಲೇ. ಈಗ ಮೊಮ್ಮಗಳ ಸರದಿ, ಭಾನುವಾರ ಬರುವವಳಿದ್ದಳು. ಕೂದಲೆಳೆಯಷ್ಟು ಸವೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ಮಾವ ಅದನ್ನು ಕಪಾಟಿನಿಂದ ಎತ್ತಿ, ನೀರಿಗಿಳಿಸಿ, ತಂತಿ ಕಟ್ಟಿದ್ದರು. ಬೇರೆ ಯಾರಾದರೂ ಪುಟ್ಟ ಸೆಲ್ ಹಾಕಿ ಸುಮ್ಮನಾಗುತ್ತಿದ್ದರೇನೋ. ಮಾವನಿಗೆ ಫುಲ್ ಚಾರ್ಜ್ ಆಗದೆ ಯಾವುದೂ ಮನಸ್ಸಿಗೆ ಒಪ್ಪುವುದಿಲ್ಲ. ಹಿಡಿ ಉಪ್ಪು ಸುರಿದು, ಲಾರಿ ಬ್ಯಾಟರಿ ಜೋಡಿಸಿ, ಬೆಳಗಾಗುವವರೆಗೆ ಬಿಟ್ಟರು. ಬೆಳಿಗ್ಗೆ ನೋಡಿದರೆ ಚಮಚದ ನಡುವೆ ಬಟಾಣಿ ಕಾಳು ತೂರುವಷ್ಟು ತೂತು. ಅದನ್ನು ಒರೆಸಿ ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಬಚ್ಚಿಟ್ಟರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕೇಳದಿದ್ದರೂ ಮಾವ ಶನಿವಾರ ಊಟದ ನಡುವೆ, "ಈಗಿನ ಮಕ್ಕಳಿಗೆ ಪ್ಲಾಸ್ಟಿಕ್ ಚಮಚಾನೇ ಒಳ್ಳೇದಂತೆ ಕಣೇ. ಒಸಡಿಗೆ ಮೆತ್ತಗಿರುತ್ತೆ," ಅಂದರು.

"ಪ್ಲಾಸ್ಟಿಕ್ ವಿಷ ಅಂತ ಬೆಳಿಗ್ಗೆ ಕೂಗಾಡಿದ್ದು ಯಾರು, ಪಕ್ಕದ ಮನೆಯವರಾ?"



ಭಾನುವಾರ ಮಗಳು ಬಂದಳು. ಬಾಳೆಹಣ್ಣು ಕಿವುಚಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಮ್ಮಾ, ಅಜ್ಜಿ ಚಮಚ ಕೊಡು," ಅಂದಳು.

"ನಿಮ್ಮಪ್ಪನ್ನ ಕೇಳು," ಅಂದರು ಅತ್ತೆ.

ಮಾವ ಎದ್ದುಹೋಗಿ ಚಮಚ ತಂದು ಮೇಜಿನ ಮೇಲಿಟ್ಟರು. ತೂತಿನೊಳಗಿಂದ ಮೇಜಿನ ಹೂವಿನ ಬಟ್ಟೆ ಕಾಣುತ್ತಿತ್ತು. "ನಾನೇ ಕಣೇ ಹಾಳು ಮಾಡಿದ್ದು. ನಿಮ್ಮಮ್ಮಂದು ಅಂತ ಇದ್ದಿದ್ದು ಇದೊಂದೇ. ಅದನ್ನೂ ನೀರು ಮಾಡ್ಬಿಟ್ಟೆ," ಎಂದರು ಅತ್ತೆಗೆ. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ಮುಖ ನೋಡಲು ಅವರು ಇಷ್ಟು ಹೆದರಿದ್ದೇ ಇಲ್ಲ.

ಅತ್ತೆ ಕಂದು ಜಾಡಿಯನ್ನು ತಂದು ಮೇಜಿನ ಮೇಲೆ ಬೋರಲು ಹಾಕಿದರು. ಗುಂಡಿಗಳು ದಡಬಡ ಉರುಳಿ ನೆಲಕ್ಕೂ ಬಿದ್ದವು, ಮಗು ಕೇಕೆ ಹಾಕಿತು. ಕೊನೆಗೆ ಜಾಡಿಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ಬೆಳ್ಳಿ ಚಮಚ ಜಾರಿ ಬಿತ್ತು.

"ನೀವು ಕರಗಿಸಿದ್ದು ಹಿತ್ತಾಳೆದು, ಮೇಲೆ ಬೆಳ್ಳಿ ಲೇಪ. ನೀವು ಬೆಳ್ಳಿ ಬೆಳ್ಳಿ ಅಂತ ಓದೋಕೆ ಕೂತ ದಿನವೇ ಬದಲಾಯಿಸಿಟ್ಟೆ."

ಮಗಳಿಗೆ ಗಾಬರಿಯಾಯಿತು. "ಹಿತ್ತಾಳೆ ನೀರಾ? ಅಪ್ಪಾ, ಕುಡಿದ್ರಾ?"

"ಎಲ್ಲಿ ಕುಡೀಲಿ? ಇವಳು ಜಾಡಿ ಕೊಟ್ರೆ ತಾನೇ!"

"ಅದಕ್ಕೇ ಕೊಡ್ಲಿಲ್ಲ," ಅಂದರು ಅತ್ತೆ.

ಮಾವನ ಕಣ್ಣು ತುಂಬಿತ್ತು. ಆದರೂ ಮಾನ ಬಿಡಲಾದೀತೇ? "ಅಂದ್ರೆ ನನ್ನ ಮೇಲೆ ನಿಂಗೆ ಒಂಚೂರೂ ನಂಬಿಕೆ ಇಲ್ಲ!"

"ಯಾಕಿಲ್ಲ? ನೀವು ಇದನ್ನ ಮಾಡೇ ಮಾಡ್ತೀರ ಅಂತ ಪೂರ್ತಿ ನಂಬಿಕೆ ಇತ್ತು," ಎಂದು ಅತ್ತೆ ಬೆಳ್ಳಿ ಚಮಚವನ್ನು ಗಂಡನ ಕೈಗಿಟ್ಟರು. "ಹೋಗಿ ತೊಳ್ಕೊಂಡು ಬನ್ನಿ. ಮೊದಲ ತುತ್ತು ನೀವೇ ತಿನ್ನಿಸಿ."