ಪಕ್ಕದ ಗುಂಡಿ

“ಒಂದೇ ಮಾತು. ಪಕ್ಕದ ಗುಂಡಿ ಮಾತ್ರ ಒತ್ಬೇಡಿ,” ಅಂದ ವಾಚಿನಂಗಡಿಯವನು.

ಹೊಲಿಗೆ ಕಾರ್ಖಾನೆಯ ಹೆಂಗಸರು ಮುಖ ಮುಖ ನೋಡಿಕೊಂಡರು. ಅಂಗಡಿಯವನು ಏನೂ ಮುಚ್ಚಿಡಲಿಲ್ಲ. ಹೊರಗೆ ದೊಡ್ಡ ಕಂಪನಿಯ ಹೆಸರು, ಒಳಗೆ ನಕಲಿ ಯಂತ್ರ. ಕೀ ಕೊಟ್ಟರೆ ಗಂಟೆ ನಿಮಿಷ ಸರಿಯಾಗಿಯೇ ತೋರಿಸುತ್ತದೆ. ಗುಂಡಿ ಒತ್ತಿದರೆ ನಡುವಿನ ಉದ್ದ ಮುಳ್ಳು ಸ್ಟಾಪ್‌ವಾಚಿನಂತೆ ಓಡಬೇಕು. ಆದರೆ ಅದು ನಾಲ್ಕು ಹೆಜ್ಜೆ ಓಡಿ, ಚಕ್ರದ ಹಲ್ಲು ಮುರಿದುಕೊಂಡು, ಇಡೀ ವಾಚನ್ನೇ ಮಲಗಿಸುತ್ತದೆ.

“ಹಾಗಾದ್ರೆ ಇದನ್ನೇ ಕೊಡಿ,” ಅಂದಳು ಕಾಲರಕ್ಕ. ಅಂಗಿಗೆ ಕಾಲರು ಕೂರಿಸುವವಳಾದ್ದರಿಂದ ಅವಳಿಗೆ ಅದೇ ಹೆಸರು.

ವಾಚು, ಕೆಲಸದಿಂದ ನಿವೃತ್ತನಾಗುತ್ತಿದ್ದ ಸೂಪರ್‌ವೈಸರಿಗೆ. ಕಕ್ಕಸಿಗೆ ಹೋದವರಿಗೆಲ್ಲ ಅವನು ಸ್ಟಾಪ್‌ವಾಚು ಹಿಡಿಯುತ್ತಿದ್ದ. ಅವನು ಬಾಗಿಲಲ್ಲಿ ನಿಂತರೆ ನಲ್ಲಿಯ ನೀರೂ ಹೆದರಿ ಬೇಗ ಬೇಗ ಬೀಳುತ್ತಿತ್ತು. ಹೆಂಡತಿ ತವರಿಗೆ ಹೊರಟಾಗಲೂ ಟೈಮು ಹಾಕಿದ್ದನಂತೆ. ಆಕೆ ಇನ್ನೂ ಬಂದಿಲ್ಲ. ಕಾಲರಕ್ಕ ಬಸುರಿಯಾಗಿದ್ದಾಗ ಒಮ್ಮೆ, ನಿನ್ನ ಪಾಲಿನ ಟೈಮು ಮುಗಿದಿದೆ ಎಂದು ಅವಳನ್ನು ಏಳಲು ಬಿಡಲಿಲ್ಲ. ಅವಳು ಒದ್ದೆ ಬಟ್ಟೆಯಲ್ಲೇ ಸಂಜೆಯವರೆಗೆ ಹೊಲಿದಳು.

ಬೀಳ್ಕೊಡುಗೆಯ ದಿನ ವಾಚು ಕಟ್ಟಿದಾಗ ಅವನು ಗಳಗಳನೆ ಅತ್ತ. ಹುಟ್ಟುಗುಣ ಸುಟ್ಟರೂ ಹೋಗದು, ಮನೆ ಸೇರುವ ಮೊದಲೇ ಗುಂಡಿ ಒತ್ತುತ್ತಾನೆ ಎಂದು ಹೆಂಗಸರು ನಕ್ಕರು. ಅವನು ಒತ್ತಲಿಲ್ಲ. ಊಟದ ಹೊತ್ತಿಗೆ ದಿನಾ ಕಾರ್ಖಾನೆಯ ಅಂಗಳಕ್ಕೆ ಬಂದು, ತೋಳು ಮಡಚಿ, ಎಲ್ಲರಿಗೂ ವಾಚು ತೋರಿಸುತ್ತಿದ್ದ. ಕಾದು ಕಾದು ಹೆಂಗಸರಿಗೇ ಸಾಕಾಯಿತು. ಹೋಗಲಿ ಬಿಡಕ್ಕ, ಮುದುಕ ಅಂದರು. ಕಾಲರಕ್ಕ ಬಿಡಲಿಲ್ಲ.

“ಸಾರ್, ಕಕ್ಕಸಿಗೆ ಹೋಗ್ತಾ ಇದೀನಿ. ಟೈಮ್ ಹಾಕಲ್ವಾ?”

“ಛೆ, ಇದ್ರಲ್ಲಿ ಯಾರಿಗೂ ಹಾಕಲ್ಲ ಕಣಮ್ಮ. ನೀವೆಲ್ಲ ಕೊಟ್ಟಿದ್ದು. ನಿಧಾನಕ್ಕೆ ಹೋಗಿ ಬಾ.”

“ನೀವು ಟೈಮ್ ಹಾಕ್ದೆ ಇದ್ರೆ ನನಗೆ ಹೋದ ಹಾಗೇ ಆಗಲ್ಲ ಸಾರ್. ನನಗೋಸ್ಕರ ಒಂದ್ಸಲ.”

ಸುತ್ತ ಕೂತಿದ್ದವರ ತುತ್ತು ಕೈಯಲ್ಲೇ ನಿಂತಿತು. ಅವನು ನಾಚಿಕೊಂಡು, ಹೆಬ್ಬೆರಳನ್ನು ಅಂಗಿಗೆ ಒರೆಸಿ, ಗುಂಡಿ ಒತ್ತಿದ.

ಕಾಲರಕ್ಕ ಮದುವೆಮನೆಗೆ ಹೊರಟವಳಂತೆ ನಡೆದಳು. ಒಳಗೆ ಚಿಲಕ ಹಾಕಿಕೊಂಡು ಸುಮ್ಮನೆ ನಿಂತಳು. ಊಟ ಮುಗಿದ ಬೆಲ್ಲು ಹೊಡೆಯಿತು. ಹೆಂಗಸರು ಡಬ್ಬಿ ಮುಚ್ಚಿ, ಅವನ ಕಡೆ ನೋಡದೆ ಒಳಗೆ ಹೋದರು. ಅವನು ವಾಚನ್ನು ಕಿವಿಗಿಟ್ಟ, ಅಲ್ಲಾಡಿಸಿದ, ಮತ್ತೆ ಕಿವಿಗಿಟ್ಟ.

ಅವಳು ಕೈ ಒರೆಸಿಕೊಳ್ಳುತ್ತ ಹೊರಬಂದಾಗ, ಅವನು ವಾಚಿನ ಮುಖವನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಿದ್ದ.

“ಎಷ್ಟಾಯ್ತು ಸಾರ್?”

“ಏನೂ ಆಗಿಲ್ಲ ಕಣಮ್ಮ,” ಅಂದ. “ಇನ್ನೂ ಟೈಮಿದೆ.”

ಅವಳು ನಗು ತಡೆದುಕೊಂಡು ತಿರುಗಿದಳು. ಕಾರ್ಖಾನೆಯ ಬಾಗಿಲಲ್ಲಿ ಹೊಸ ಸೂಪರ್‌ವೈಸರ್ ನಿಂತಿದ್ದ. ಅವನ ಕೈಯಲ್ಲಿ ಅದೇ ಹಳೆಯ ಸ್ಟಾಪ್‌ವಾಚು ಟಿಕ್ ಟಿಕ್ ಎನ್ನುತ್ತಿತ್ತು.