ನೀರಲ್ಲಿ ನಿಂತ ಕಾಳು

ಸಂಶೋಧನಾ ಕೇಂದ್ರದ ಹಿಂದಿನ ತಗ್ಗಿನಲ್ಲಿ ಹದಿನೇಳು ದಿನ ನೀರು ನಿಂತ ವರ್ಷ, ಬಿತ್ತಿದ್ದ ನಲವತ್ತು ಸಾಲುಗಳಲ್ಲಿ ಮೂವತ್ತೊಂಬತ್ತು ಕೊಳೆತುಹೋದವು. ಒಂದು ಸಾಲು ಮಾತ್ರ ಮೊಣಕಾಲುದ್ದ ಕೆಸರಿನಲ್ಲೂ ಹಸಿರಾಗಿ ನಿಂತಿತ್ತು. ಅದನ್ನು ಬಿತ್ತಿದವನು ಮೂವತ್ತೊಂದು ವರ್ಷದ ಕೃಷಿ ವಿಜ್ಞಾನಿ. ಖುಷಿಯ ಭರಕ್ಕೆ ಒಂದು ಬೂಟನ್ನು ಕೆಸರಿನಲ್ಲೇ ಬಿಟ್ಟು, ಒಂಟಿ ಬೂಟಿನಲ್ಲಿ ಕಚೇರಿಗೆ ಓಡಿಬಂದ. ಅವತ್ತಿನಿಂದ ಅವನಿಗೆ ‘ಕಾಳು ಸಾಹೇಬ’ ಎಂಬ ಹೆಸರು ಅಂಟಿಕೊಂಡಿತು.

ಪ್ರಯೋಗಾಲಯದ ಮೇಡಂ ಮಾತ್ರ ಖುಷಿಪಡಲಿಲ್ಲ. ಒಂದು ಹಿಡಿ ಕಾಳನ್ನು ಅರೆದು ಪರೀಕ್ಷಿಸಿ, ಕನ್ನಡಕ ತೆಗೆದಿಟ್ಟು ಹೇಳಿದರು: “ಇದರಲ್ಲಿ ವಿಷದಂಶ ಇದೆ. ಬೇರೆ ಧಾನ್ಯದ ಜೊತೆ ತಿಂದ್ರೆ ಏನೂ ಆಗಲ್ಲ. ಇದನ್ನೇ ಮೂರು ತಿಂಗಳು ತಿಂದ್ರೆ ಸೊಂಟದ ಕೆಳಗಿನ ಶಕ್ತಿ ಹೋಗುತ್ತೆ.”

“ಇದನ್ನೇ ಮೂರು ತಿಂಗಳು ಯಾರು ತಿಂತಾರೆ ಮೇಡಂ?”

“ಬೇರೆ ಏನೂ ಇಲ್ಲದೇ ಇರೋರು.”

ಅವನು ನಕ್ಕುಬಿಟ್ಟ. ವರದಿಯಲ್ಲಿ ‘ಮಿಶ್ರ ಆಹಾರದ ಭಾಗವಾಗಿ ಸುರಕ್ಷಿತ’ ಎಂದು ಬರೆದ. ಅದು ಸುಳ್ಳಾಗಿರಲಿಲ್ಲ.

ಬೀಜದ ಮೊದಲ ಚೀಲ ಹೋದದ್ದು ಅವನ ಅಕ್ಕನ ಮನೆಗೆ. ಅಕ್ಕನ ಹೊಲ ನದಿಯ ಆಚೆ, ತಗ್ಗಿನಲ್ಲಿತ್ತು. ಭಾವ ಶಾಲೆಯ ಬಸ್ ಓಡಿಸುತ್ತಿದ್ದರು, ಬಾಯಿ ತೆರೆದರೆ ತಮಾಷೆ. “ನೀರಲ್ಲೇ ಬೆಳೆಯುತ್ತೆ ಅಂತೀಯ. ಇದು ಕಾಳೋ, ಮೀನೋ ಬಾಮೈದ?” ಎಂದು ಚೀಲದೊಳಗೆ ಮೂಗು ತೂರಿಸಿ ನೋಡಿದ್ದರು. ಬೆಳೆ ಚೆನ್ನಾಗಿ ಬಂತು. ಐದಾರು ವರ್ಷದಲ್ಲಿ ತಗ್ಗು ಸೀಮೆಯ ಊರೂರಿಗೂ ಆ ಬೀಜ ಹಬ್ಬಿತು.

ಕಾಳಿನ ಜೊತೆ ಕಾಳು ಸಾಹೇಬನೂ ಬೆಳೆದ. ಕೇಂದ್ರದ ಮುಖ್ಯಸ್ಥನಾದ, ಮಂತ್ರಿಗಳಿಗೆ ಸಲಹೆಗಾರನಾದ, ಐವತ್ತು ದಾಟುವ ಹೊತ್ತಿಗೆ ಹಲವು ದೇಶಗಳು ಸೇರಿ ಕಟ್ಟಿದ ಆಹಾರ ಸಂಸ್ಥೆಯ ನೀತಿ ಸಮಿತಿಗೆ ಅಧ್ಯಕ್ಷನಾದ. ಹದಿನಾಲ್ಕನೇ ಮಹಡಿಯಲ್ಲಿ ಕೋಣೆ. ಕಿಟಕಿಗಳನ್ನು ತೆರೆಯುವಂತಿರಲಿಲ್ಲ. ಅವನು ಹೊಲಕ್ಕೆ ಕಾಲಿಟ್ಟು ಒಂಬತ್ತು ವರ್ಷವಾಗಿತ್ತು.

ಆ ವರ್ಷ ಹಿಂದೆಂದೂ ಕಾಣದ ನೆರೆ ಬಂತು. ನದಿಯ ಸೇತುವೆ ಕೊಚ್ಚಿಹೋಗಿ ತಗ್ಗು ಸೀಮೆ ದ್ವೀಪವಾಯಿತು. ನೆರೆಗೆ ಸಿಕ್ಕ ನಾಡುಗಳಲ್ಲಿ ಯಾರಿಗೆ ಮೊದಲು ಧಾನ್ಯ ಹೋಗಬೇಕೆಂಬ ಪಟ್ಟಿ ಅವನ ಮೇಜಿಗೆ ಬಂತು. ತಗ್ಗು ಸೀಮೆಯ ಹೆಸರು ಕಟ್ಟಕಡೆಗಿತ್ತು. ಎದುರಿಗೆ ಕಾರಣ ಬರೆದಿತ್ತು: ‘ಹೊಲದಲ್ಲಿ ಕಾಳಿನ ಬೆಳೆ ಉಳಿದಿದೆ. ಸ್ವಂತ ಆಹಾರವಿದೆ.’

ಪೆನ್ನು ಹಿಡಿದ ಕೈ ಹಿಂಜರಿಯಿತು. ಎದುರಿಗೆ ಕೂತಿದ್ದ ಕಾರ್ಯದರ್ಶಿ ಗಡಿಯಾರ ನೋಡಿಕೊಂಡಳು. “ಏನಾದ್ರೂ ಬದಲಾಯಿಸಬೇಕಾ ಸರ್? ಅವರನ್ನ ಮೇಲಕ್ಕೆ ತಂದ್ರೆ ಬೇರೆ ಯಾರನ್ನಾದ್ರೂ ಕೆಳಗೆ ತಳ್ಳಬೇಕು.”

“ಸೇತುವೆ ಯಾವಾಗ ಆಗುತ್ತೆ?”

“ಎರಡು ತಿಂಗಳು ಅಂದಿದಾರೆ.”

ಎರಡೇ ತಿಂಗಳು ತಾನೇ ಎಂದುಕೊಂಡು ಸಹಿ ಹಾಕಿದ.

ಫೋನ್ ಸಂಪರ್ಕ ಬೇಗ ಸರಿಯಾಯಿತು. ಭಾನುವಾರ ಭಾನುವಾರ ಅಕ್ಕನ ಜೊತೆ ಮಾತಾಡುತ್ತಿದ್ದ. “ಮಿಕ್ಕಿದ್ದೆಲ್ಲ ಕೊಳೀತು ಕಣೋ. ನಿನ್ನ ಕಾಳೇ ನಮ್ಮನ್ನ ಕಾಪಾಡ್ತಿದೆ, ಮೂರು ಹೊತ್ತೂ ಅದೇ” ಎನ್ನುತ್ತಿದ್ದಳು. ವಿಷದ ಮಾತು ಅವನ ನಾಲಿಗೆಯ ತುದಿಗೆ ಬರುತ್ತಿತ್ತು. ಹೇಳಿದರೆ ಅವರು ಇನ್ನೇನು ತಿನ್ನಬೇಕು? ಹುಷಾರು ಎಂದಷ್ಟೇ ಹೇಳಿ ಫೋನ್ ಇಡುತ್ತಿದ್ದ.

ಸೇತುವೆಗೆ ಎರಡಲ್ಲ, ನಾಲ್ಕೂವರೆ ತಿಂಗಳು ಹಿಡಿಯಿತು. ಅದು ಮುಗಿಯುವ ಹತ್ತು ದಿನ ಮುಂಚೆ ಅಕ್ಕನೇ ಫೋನ್ ಮಾಡಿದಳು. “ನಿಮ್ ಭಾವ ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ಹೋದ್ರು. ಕಾಲು ಮಾತು ಕೇಳ್ತಿಲ್ಲ ಕಣೋ.”

ದೋಣಿ ಹಿಡಿದು ಹೋದ. ಭಾವ ಬಾಗಿಲ ಬಳಿ ಕುರ್ಚಿಯಲ್ಲಿದ್ದರು, ಪಕ್ಕದಲ್ಲಿ ಎರಡು ಕೋಲು. ನಿಲ್ಲಿಸಿದರೆ ಮೊಣಕಾಲುಗಳು ಒಂದಕ್ಕೊಂದು ತೊಡರಿಕೊಂಡು, ಕಾಲ್ಬೆರಳ ಮೇಲೆ ಭಾರ ಬೀಳುತ್ತಿತ್ತು. “ಬ್ರೇಕ್ ಒತ್ತೋಕಾಗಲ್ಲ ಬಾಮೈದ. ಇನ್ನು ಬಸ್ಸು ತಾನಾಗೇ ನಿಲ್ಲಬೇಕಷ್ಟೆ” ಎಂದರು. ಯಾರೂ ನಗಲಿಲ್ಲ. ಆ ಊರೊಂದರಲ್ಲೇ ಹೀಗೆ ಕಾಲು ಹೋದವರು ಮೂವತ್ತೆಂಟು ಜನ.

ಅಡುಗೆಮನೆಯಲ್ಲಿ ಅಕ್ಕ ಅವನಿಗೆ ಬೆನ್ನು ಹಾಕಿ ನಿಂತೇ ಕೇಳಿದಳು. “ಕಾಲು ನೋಡೋಕೆ ಬಂದ ನರ್ಸಮ್ಮ ಹೇಳಿದ್ರು, ಎಲ್ಲ ಈ ಕಾಳಿಂದಲೇ ಅಂತ. ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾವಾಗಿಂದ?”

“ಮೊದಲಿಂದ.”

ಪಾತ್ರೆ ತಿಕ್ಕುತ್ತಿದ್ದ ಕೈ ನಿಂತಿತು. “ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ ಬೇಯಿಸಿದ್ರೆ ವಿಷ ಎಷ್ಟೋ ಕಮ್ಮಿ ಆಗ್ತಿತ್ತಂತೆ. ಅಷ್ಟು ಹೇಳೋಕೆ ನಿನ್ನ ಬಾಯಿಗೇನಾಗಿತ್ತು? ವಾರ ವಾರ ಫೋನ್ ಮಾಡ್ತಿದ್ದೆಯಲ್ಲೋ.”

ನೆನೆಹಾಕುವ ಮಾತು ಅವನಿಗೆ ಹೊಳೆದೇ ಇರಲಿಲ್ಲ. ಹೇಳಬೇಕೋ ಬೇಡವೋ ಎಂಬ ಗೊಂದಲದಲ್ಲೇ ಅಷ್ಟೂ ಭಾನುವಾರಗಳು ಕಳೆದಿದ್ದವು.

ಆ ವರ್ಷದ ಮಹಾಸಭೆಯಲ್ಲಿ ಬರೆದುಕೊಟ್ಟಿದ್ದ ಭಾಷಣವನ್ನು ಮಡಿಸಿಟ್ಟು, ಮೇಡಂ ಹೇಳಿದ್ದರಿಂದ ಹಿಡಿದು ತಾನು ಸಹಿ ಹಾಕಿದ್ದರವರೆಗೆ ಎಲ್ಲವನ್ನೂ ಹೇಳಿಬಿಟ್ಟ. ಛೀಮಾರಿ ಹಾಕುತ್ತಾರೆ, ಹುದ್ದೆ ಬಿಡು ಎನ್ನುತ್ತಾರೆ ಎಂದುಕೊಂಡಿದ್ದ. ಆದರೆ ಸಭಿಕರು ಒಬ್ಬೊಬ್ಬರಾಗಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥ ಪ್ರಾಮಾಣಿಕರು ಬೇಕು ಎಂದರು. ಮರುವರ್ಷ ಅವನನ್ನೇ ಇಡೀ ಸಂಸ್ಥೆಯ ಮಹಾನಿರ್ದೇಶಕನನ್ನಾಗಿ ಆರಿಸಿದರು. ಬೇಡವೆನ್ನಬೇಕೆಂದು ಎರಡು ದಿನ ಒದ್ದಾಡಿದ. ಬೇಡವೆನ್ನಲಿಲ್ಲ.

ಆ ಕುರ್ಚಿಯಲ್ಲಿ ಕೂತು ಅವನು ಒಂದು ನಿಯಮಕ್ಕಾಗಿ ಮೂರು ವರ್ಷ ಗುದ್ದಾಡಿದ. ಎಷ್ಟು ಆಹಾರವಿದೆ ಎಂದಷ್ಟೇ ನೋಡಿದರೆ ಸಾಲದು, ಯಾವ ಆಹಾರ ಎಂದೂ ನೋಡಿ ಪಟ್ಟಿ ಮಾಡಬೇಕು ಎಂಬ ನಿಯಮ. ಅವರಿವರು ತಿದ್ದಿ ತಿದ್ದಿ, ‘ಸಾಧ್ಯವಾದಲ್ಲಿ’ ಎಂಬ ಪದ ಸೇರಿಸಿ, ಕೊನೆಗೂ ಅದು ಪಾಸಾಯಿತು.

ಅಕ್ಕನಿಗೆ ಹೇಳಬೇಕೆಂದು ಆ ವಾರವೇ ಹೊರಟ. ಬಾಗಿಲಲ್ಲೇ ಅವಳು ತಡೆದಳು. “ಒಳಗೆ ಬಾ. ಆದ್ರೆ ನಿನ್ನ ಕೆಲಸದ ಮಾತು ಈ ಮನೇಲಿ ಎತ್ತಬೇಡ.” ಅವನು ತಲೆಯಾಡಿಸಿದ.

ಊಟವಾದ ಮೇಲೆ ಭಾವನಿಗೆ ಹಿತ್ತಲಿಗೆ ಹೋಗಬೇಕಿತ್ತು. ಈಗ ಕೋಲಿನಲ್ಲೂ ಆಗುತ್ತಿರಲಿಲ್ಲ. ಅಕ್ಕ ಏಳುವ ಮೊದಲೇ ಅವನು ಬಗ್ಗಿ, ಭಾವನ ಕಂಕುಳಿಗೆ ಕೈ ಕೊಟ್ಟು ಎತ್ತಿಕೊಂಡ. ಆ ದೊಡ್ಡ ಆಳು ಇಷ್ಟು ಹಗುರವಾಗಿದ್ದಾರೆಂದು ಅವನು ಎಣಿಸಿರಲಿಲ್ಲ. ಮೆಟ್ಟಿಲ ಹತ್ತಿರ ಭಾವ ಅವನ ಕತ್ತನ್ನು ಬಳಸಿ ಹಿಡಿದು, ಕಿವಿಯ ಬಳಿ ಮೆಲ್ಲಗೆ ಹೇಳಿದರು:

“ನಿನ್ನಕ್ಕಂಗೆ ಸಿಟ್ಟು ಇಳಿದಿರಬಹುದು. ನಂಗಿನ್ನೂ ಇಳಿದಿಲ್ಲ ಕಣೋ. ಗಟ್ಟಿಯಾಗಿ ಹಿಡ್ಕೋ.”

ಅವನು ಗಟ್ಟಿಯಾಗಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದ.